ಗೋಡೆಯಾಚೆ ಉಳಿಯುವ ಕೋಟೆ

ನ್ಯೂಜೆರ್ಸಿಯಲ್ಲೋ ನ್ಯೂಯಾರ್ಕಿನಲ್ಲೋ ಮಕ್ಕಳಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಅಮೆರಿಕಕ್ಕೆ ಹೋದರೆ ಲಿಬರ್ಟಿ ಪ್ರತಿಮೆ ನೋಡದೆ ವಾಪಸಾಗುವುದು ಕಡಿಮೆ. ಮ್ಯಾನ್‌ಹಟನ್ ಕಡೆಯಿಂದ ಫೆರ್ರಿ ಹತ್ತುವವರು ಅದಕ್ಕೂ ಮೊದಲು ದುಂಡಗಿನ ಕೆಂಗಲ್ಲಿನ ಕಟ್ಟಡವೊಂದನ್ನು ಹೊಕ್ಕು ಬರುತ್ತಾರೆ. ನಡುವೆ ಬಯಲು, ಸುತ್ತ ದಪ್ಪ ಗೋಡೆ, ಗೋಡೆಯಲ್ಲಿ ಸಾಲಾಗಿ ಕಂಡಿಗಳು. ಟಿಕೆಟ್ ಕೌಂಟರು ಇರುವುದು ಅಲ್ಲೇ. ಕೌಂಟರಿನ ಮುಂದಿನ ಕ್ಯೂ, ಅದಾದ ಮೇಲೆ ಭದ್ರತಾ ತಪಾಸಣೆಯ ಕ್ಯೂ, ಆಮೇಲೆ ಫೆರ್ರಿಯ ಕ್ಯೂ. ಈ ಗಡಿಬಿಡಿಯಲ್ಲಿ ಕಟ್ಟಡದ ಕಡೆ ಕಣ್ಣೆತ್ತಿ ನೋಡುವವರು ಬೆರಳೆಣಿಕೆಯಷ್ಟು. ಅದರ ಹೆಸರು ಕ್ಯಾಸಲ್ ಕ್ಲಿಂಟನ್. 1811ರಲ್ಲಿ ಕಟ್ಟಿ ಮುಗಿಸಿದ ಕಡಲ ಕೋಟೆ.

ಕೋಟೆ ಇರುವುದು ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುತ್ತತುದಿಯಲ್ಲಿ, ‘ದಿ ಬ್ಯಾಟರಿ’ ಎಂಬ ಸುಮಾರು 25 ಎಕರೆಯ ಪಾರ್ಕಿನೊಳಗೆ. (ಬ್ಯಾಟರಿ ಎಂದರೆ ಇಲ್ಲಿ ತೋಪುಗಳ ಸಾಲು. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯ ಬತ್ತೇರಿಯೂ ಇದೇ.) 2024ರ ಮೇ ತಿಂಗಳಲ್ಲಿ ಆ ಪಾರ್ಕಿನ ನೀರಂಚನ್ನು ಒಡೆದು ಎತ್ತರಿಸುವ ಕೆಲಸ ಶುರುವಾಯಿತು. ಅಂದಾಜು ವೆಚ್ಚ ಸುಮಾರು 20 ಕೋಟಿ ಡಾಲರ್. ಜನ ಗಾಳಿ ಸೇವಿಸುತ್ತ ಓಡಾಡುವ ಕಡಲಂಚಿನ ಕಾಲುದಾರಿ 5 ಅಡಿಯವರೆಗೆ ಮೇಲೇಳಲಿದೆ. ಸುದ್ದಿ ಓದಿದವರಿಗೆ ಹಳೇ ಕೋಟೆಯನ್ನೂ ಪಾರ್ಕನ್ನೂ ಸಮುದ್ರದ ಬಾಯಿಂದ ತಪ್ಪಿಸುತ್ತಿದ್ದಾರೆ ಅನ್ನಿಸುತ್ತದೆ. ನಕ್ಷೆಯನ್ನು ಹರಡಿಕೊಂಡು ಕೂತರೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. ಚಂಡಮಾರುತದ ನೀರಿನಿಂದ ನಗರವನ್ನು ಕಾಯಲಿರುವ ಮುಖ್ಯ ತಡೆಯ ಗೆರೆ ಹಾದುಹೋಗುವುದು ಪಾರ್ಕಿನ ಉತ್ತರದ ಅಂಚಿನಲ್ಲಿ, ಅಂದರೆ ಊರಿನ ಕಡೆಯಲ್ಲಿ. ಕಚೇರಿ, ಬ್ಯಾಂಕು, ಮನೆಗಳೆಲ್ಲ ಆ ಗೆರೆಯ ಒಳಗೆ. ಪಾರ್ಕು, ಕೋಟೆ ಎರಡೂ ಹೊರಗೆ.

ಇದು ಅನ್ಯಾಯ ಎಂದು ಕೂಗೆಬ್ಬಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆದರೆ ಆ ಗೆರೆಯನ್ನು ಅಲ್ಲೇಕೆ ಎಳೆದರು, ಎಳೆದ ಮೇಲೆ ಹೊರಗೆ ಉಳಿದದ್ದರ ಗತಿಯೇನು ಎಂಬುದನ್ನು ತಿಳಿಯಬೇಕಾದರೆ ಈ ಕೋಟೆ ಇನ್ನೂರು ವರ್ಷ ಹೇಗೆ ಬದುಕಿತು ಎಂಬುದನ್ನು ನೋಡಬೇಕು. ಅದನ್ನು ಯಾರೂ ಜೋಪಾನ ಮಾಡಿ ಕಾಪಾಡಿಕೊಂಡು ಬರಲಿಲ್ಲ. ಒಂದು ಕೆಲಸ ಹೋದಾಗ ಇನ್ನೊಂದು ಕೆಲಸ ಸಿಕ್ಕಿದ್ದರಿಂದ ಅದು ಉಳಿಯಿತು. ದೀರ್ಘಕಾಲ ಕೆಲಸ ಸಿಗದೆ ಕೂತಾಗ ಅದನ್ನು ನೆಲಸಮ ಮಾಡಲು ಹೊರಟಿದ್ದರು.

ಗುಂಡು ಹಾರಿಸದ ತೋಪುಗಳು

ಮ್ಯಾನ್‌ಹಟನ್ನಿನ ಈ ತುದಿಯಲ್ಲಿ ಮೊದಲ ಕೋಟೆ ಕಟ್ಟಿದವರು ಡಚ್ಚರು, 1620ರ ದಶಕದಲ್ಲಿ. ಆ ಫೋರ್ಟ್ ಆಮ್‌ಸ್ಟರ್‌ಡ್ಯಾಮ್ ಆಮೇಲೆ ಇಂಗ್ಲಿಷರ ಕೈಗೆ ಹೋಯಿತು, ಹಲವು ಸಲ ಹೆಸರು ಬದಲಿಸಿಕೊಂಡಿತು. ಅಮೆರಿಕ ಸ್ವತಂತ್ರವಾದ ಮೇಲೆ, 1790ರ ಹೊತ್ತಿಗೆ, ಅದನ್ನು ಕೆಡವಿದರು. ಕೆಡವಿದ ಕಲ್ಲು-ಮಣ್ಣನ್ನು ಪಕ್ಕದ ನೀರಿಗೆ ಸುರಿದು ದಡವನ್ನು ಮುಂದಕ್ಕೆ ತಳ್ಳಿದರು. ಅಂದರೆ ಇಂದಿನ ಪಾರ್ಕಿನ ನೆಲದಲ್ಲಿ ಒಂದು ಪಾಲು ಹಳೇ ಕೋಟೆಯ ಭಗ್ನಾವಶೇಷವೇ. 2005ರಲ್ಲಿ ಸೌತ್ ಫೆರ್ರಿಯ ಹೊಸ ಸಬ್‌ವೇ ನಿಲ್ದಾಣಕ್ಕೆ ಅಗೆಯುವಾಗ 18ನೇ ಶತಮಾನದ ತೋಪುಸಾಲಿನ ಕಲ್ಲಿನ ಗೋಡೆ ಪಾರ್ಕಿನ ಅಡಿಯಲ್ಲಿ ಸಿಕ್ಕಿತು. ಅದರದೊಂದು ತುಂಡನ್ನು ಕ್ಯಾಸಲ್ ಕ್ಲಿಂಟನ್ನಿನ ಒಳಗೆ ತಂದಿಟ್ಟಿದ್ದಾರೆ.

ಹೊಸ ಕೋಟೆ ಬೇಕೆನ್ನಿಸಿದ್ದಕ್ಕೆ ಕಾರಣ 1807ರ ಒಂದು ಅವಮಾನ. ವರ್ಜೀನಿಯಾ ತೀರದಾಚೆ ಬ್ರಿಟನ್ನಿನ ‘ಲೆಪರ್ಡ್’ ಎಂಬ ಯುದ್ಧನೌಕೆ ಅಮೆರಿಕದ ‘ಚೆಸಪೀಕ್’ ಮೇಲೆ ಗುಂಡು ಹಾರಿಸಿ, ನಮ್ಮಿಂದ ಓಡಿಹೋದವರು ಎಂದು ನಾಲ್ವರು ನಾವಿಕರನ್ನು ಎಳೆದುಕೊಂಡು ಹೋಯಿತು. ನಾಳೆ ನ್ಯೂಯಾರ್ಕಿಗೇ ಬಂದರೆ ತಡೆಯುವವರಾರು ಎಂದು ಬಂದರಿನ ಸುತ್ತ ಕೋಟೆಗಳ ಕೆಲಸ ಶುರುವಾಯಿತು. ಗವರ್ನರ್ಸ್ ದ್ವೀಪದಲ್ಲಿ ಕ್ಯಾಸಲ್ ವಿಲಿಯಮ್ಸ್, ಬೆಡ್ಲೋಸ್ ದ್ವೀಪದಲ್ಲಿ ನಕ್ಷತ್ರಾಕಾರದ ಫೋರ್ಟ್ ವುಡ್, ಎಲಿಸ್ ದ್ವೀಪದಲ್ಲಿ ಫೋರ್ಟ್ ಗಿಬ್ಸನ್, ಮ್ಯಾನ್‌ಹಟನ್ ತುದಿಯಲ್ಲಿ ಈ ಕೋಟೆ. ಆಗ ಇದನ್ನು ವೆಸ್ಟ್ ಬ್ಯಾಟರಿ ಎನ್ನುತ್ತಿದ್ದರು. ನ್ಯೂಯಾರ್ಕಿನ ಸಿಟಿ ಹಾಲ್ ಕಟ್ಟಡದ ವಿನ್ಯಾಸಕಾರರಲ್ಲಿ ಒಬ್ಬರಾದ ಜಾನ್ ಮೆಕೋಂಬ್ ಜೂನಿಯರ್ ಇದರ ನಿರ್ಮಾಣದ ಹೊಣೆ ಹೊತ್ತಿದ್ದರು.

ಕೋಟೆ ಇದ್ದದ್ದು ನೀರಿನಲ್ಲಿ. ದಡದಿಂದ ಸುಮಾರು 200 ಅಡಿ ದೂರದ ಬಂಡೆಗಳ ಮೇಲೆ ಅದನ್ನು ಎಬ್ಬಿಸಿ, ದಡಕ್ಕೆ ಮರದ ಸೇತುವೆ ಹಾಕಿದ್ದರು. 28 ತೋಪುಗಳು, ಸುಮಾರು 8 ಅಡಿ ದಪ್ಪದ ಮರಳುಗಲ್ಲಿನ ಗೋಡೆ. ಎದುರಿನ ಕ್ಯಾಸಲ್ ವಿಲಿಯಮ್ಸ್‌ನ ತೋಪುಗಳೂ ಇಲ್ಲಿನ ತೋಪುಗಳೂ ಸೇರಿದರೆ ನಡುವಿನ ನೀರಿನಲ್ಲಿ ಹಡಗು ದಾಟುವುದು ಕಷ್ಟ ಎಂಬ ಲೆಕ್ಕ.

1812ರಲ್ಲಿ ಯುದ್ಧವೇನೋ ಬಂತು. ಬ್ರಿಟಿಷರು 1814ರಲ್ಲಿ ವಾಷಿಂಗ್ಟನ್ ನಗರಕ್ಕೇ ಬೆಂಕಿ ಇಟ್ಟರು. ನ್ಯೂಯಾರ್ಕ್ ಬಂದರಿಗೆ ಮಾತ್ರ ನುಗ್ಗಲಿಲ್ಲ. ಈ ಕೋಟೆಯ ತೋಪು ಶತ್ರುವಿನ ಮೇಲೆ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. ಕೋಟೆಗಳಿಗೆ ಹೆದರಿ ಬರಲಿಲ್ಲವೋ, ಬರುವ ಇರಾದೆಯೇ ಇರಲಿಲ್ಲವೋ, ಕೋಟೆ ಕಟ್ಟಿಸಿದವರು ಮೊದಲನೆಯದನ್ನೇ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಮೇಯರ್ ಆಗಿದ್ದ ಡಿವಿಟ್ ಕ್ಲಿಂಟನ್ ಹೆಸರನ್ನು ಕೋಟೆಗೆ ಇಟ್ಟರು. 1821ರಲ್ಲಿ ಸೈನ್ಯ ಖಾಲಿ ಮಾಡಿತು. ಕಟ್ಟಿ ಹತ್ತು ವರ್ಷ ಆಗುತ್ತಿದ್ದ ಹಾಗೇ ಕೋಟೆ ನಿರುದ್ಯೋಗಿ.

ಸಂಗೀತ, ಸರ್ಕಸ್ಸು, ತಂತಿ

ನಗರದ ಆಡಳಿತ 1823ರಲ್ಲಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷವೇ ಕ್ಯಾಸಲ್ ಗಾರ್ಡನ್ ಎಂಬ ಹೊಸ ಹೆಸರಿನಲ್ಲಿ ಕೋಟೆ ಜನರಿಗೆ ತೆರೆಯಿತು. ಸೇತುವೆ ದಾಟಿ ಹೋಗಿ ಸಂಜೆ ಗಾಳಿ ಕುಡಿಯುವುದು, ಬ್ಯಾಂಡು ಕೇಳುವುದು, ಪಟಾಕಿ ನೋಡುವುದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದ ಫ್ರಾನ್ಸಿನ ಸೇನಾನಿ ಲಫಾಯೆತ್ 1824ರ ಆಗಸ್ಟಿನಲ್ಲಿ ಅಮೆರಿಕಕ್ಕೆ ಮರಳಿ ಬಂದಾಗ ನಗರ ಸ್ವಾಗತ ಕೋರಿದ್ದು ಇಲ್ಲೇ. 1840ರ ದಶಕದಲ್ಲಿ ಚಾವಣಿ ಹಾಕಿ ಕೋಟೆಯನ್ನು ಸಾವಿರಾರು ಜನ ಕೂರುವ ರಂಗಮಂದಿರವಾಗಿ ಮಾಡಿದರು.

ಸ್ಯಾಮ್ಯುಯೆಲ್ ಮೋರ್ಸ್ 1842ರಲ್ಲಿ ಇಲ್ಲಿಂದ ಗವರ್ನರ್ಸ್ ದ್ವೀಪಕ್ಕೆ ನೀರಿನಡಿ ತಂತಿ ಎಳೆದು ಟೆಲಿಗ್ರಾಫಿನ ಪ್ರದರ್ಶನ ಇಟ್ಟುಕೊಂಡಿದ್ದ. ಸಂದೇಶ ಹೋಗಲು ಶುರುವಾದದ್ದೇ ತಡ, ಹಡಗೊಂದರ ಲಂಗರಿಗೆ ತಂತಿ ಸಿಕ್ಕಿಕೊಂಡಿತು. ಇದೇನೋ ಏನೋ ಎಂದು ನಾವಿಕರು ಅದನ್ನು ಮೇಲೆಳೆದು ಕತ್ತರಿಸಿಬಿಟ್ಟರು. ನೋಡಲು ಬಂದ ಜನ ಗೇಲಿ ಮಾಡುತ್ತ ಮನೆಗೆ ಹೋದರು.

ಕ್ಯಾಸಲ್ ಗಾರ್ಡನ್ನಿನ ದೊಡ್ಡ ರಾತ್ರಿ 1850ರ ಸೆಪ್ಟೆಂಬರ್ 11. ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಅವರ ಮೊದಲ ಅಮೆರಿಕನ್ ಕಛೇರಿ. ಏರ್ಪಡಿಸಿದವನು ಪಿ.ಟಿ. ಬಾರ್ನಮ್, ಆಮೇಲೆ ಸರ್ಕಸ್ಸಿನಿಂದ ಹೆಸರಾದವನು. ಟಿಕೆಟ್ಟುಗಳನ್ನು ಹರಾಜಿಗೆ ಹಾಕಿದ. ಮೊದಲ ಟಿಕೆಟ್ಟನ್ನು ಟೋಪಿ ವ್ಯಾಪಾರಿಯೊಬ್ಬ 225 ಡಾಲರಿಗೆ ಕೂಗಿದ. ಹಾಡು ಕೇಳುವ ಆಸೆಗಿಂತ ಟೋಪಿ ಅಂಗಡಿಯ ಪ್ರಚಾರದ ಆಸೆಯೇ ಹೆಚ್ಚು ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು.

ವಲಸಿಗರ ಹೆಬ್ಬಾಗಿಲು

ಐದೇ ವರ್ಷದಲ್ಲಿ ಕೋಟೆಯ ಕೆಲಸ ಮತ್ತೆ ಬದಲಾಯಿತು. ಐರ್ಲೆಂಡಿನ ಬರ, ಜರ್ಮನ್ ಪ್ರಾಂತ್ಯಗಳ ಗಲಭೆಗಳಿಂದ ಜನ ಗುಂಪುಗುಂಪಾಗಿ ಹಡಗು ಹತ್ತಿ ಬರುತ್ತಿದ್ದ ಕಾಲ. ಹಡಗುಕಟ್ಟೆಯಲ್ಲಿ ಅವರಿಗಾಗಿ ಕಾದು ಕೂತವರು ದಲ್ಲಾಳಿಗಳು. ಅವರದೇ ಭಾಷೆಯಲ್ಲಿ ಮಾತಾಡಿಸಿ, ಗಂಟುಮೂಟೆ ತಾವೇ ಹೊತ್ತು, ತಮ್ಮವರ ವಸತಿಗೃಹಕ್ಕೆ ಕರೆದೊಯ್ದು, ಇಲ್ಲದ ರೈಲಿಗೆ ಟಿಕೆಟ್ ಮಾರಿ, ಬಿಲ್ಲು ಕಟ್ಟಲಾಗದಿದ್ದರೆ ಸಾಮಾನು ಇಟ್ಟುಕೊಳ್ಳುವುದು ಅವರ ದಂಧೆ. ಬಸ್‌ಸ್ಟ್ಯಾಂಡಿನಲ್ಲಿ ಹೊಸಬರನ್ನು ಗುರುತು ಹಿಡಿಯುವವರನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇದನ್ನು ತಡೆಯಲು ನ್ಯೂಯಾರ್ಕ್ ರಾಜ್ಯದ ವಲಸೆ ಆಯುಕ್ತರು 1855ರ ಆಗಸ್ಟಿನಲ್ಲಿ ಕ್ಯಾಸಲ್ ಗಾರ್ಡನ್ನನ್ನು ವಲಸಿಗರು ಇಳಿಯುವ ಕೇಂದ್ರವಾಗಿ ತೆರೆದರು. ಜಾಗದ ಆಯ್ಕೆಯಲ್ಲಿ ಜಾಣತನವಿತ್ತು. ಕೋಟೆಗೆ ಸುತ್ತ ಗೋಡೆ ಇದೆ, ಒಳಬರುವ ದಾರಿ ಒಂದೆರಡೇ, ಬಾಗಿಲಲ್ಲಿ ಕಾವಲಿಟ್ಟರೆ ದಲ್ಲಾಳಿ ಹೊರಗೇ ಉಳಿಯುತ್ತಾನೆ. ಹಡಗಿನಿಂದ ಇಳಿದವರನ್ನು ನೇರ ಒಳಗೆ ತಂದು ಹೆಸರು, ಊರು, ಹೋಗಬೇಕಾದ ಜಾಗ ಬರೆದುಕೊಳ್ಳುತ್ತಿದ್ದರು. ಹಣ ಬದಲಿಸುವ ದರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದರು, ರೈಲಿನ ಟಿಕೆಟ್ ಒಳಗೇ ಸಿಗುತ್ತಿತ್ತು, ಸಾಮಾನಿಗೆ ಚೀಟಿ ಕೊಡುತ್ತಿದ್ದರು. ಕೆಲಸ ಹುಡುಕಿಕೊಡುವ ಕಚೇರಿಯೂ ಆಮೇಲೆ ಸೇರಿಕೊಂಡಿತು. ಶತ್ರುವಿನ ಹಡಗಿಗೆಂದು ಕಟ್ಟಿದ ಗೋಡೆ ಕೊನೆಗೂ ಕೆಲಸಕ್ಕೆ ಬಂದದ್ದು ಹೀಗೆ. ಹೊಟ್ಟೆಗೆ ಕಲ್ಲು ಬಿದ್ದ ದಲ್ಲಾಳಿಗಳು ಸಭೆ ಸೇರಿಸಿ ಪ್ರತಿಭಟಿಸಿದರು. ಪಾರ್ಕಿನ ಸುತ್ತಲಿನ ಸಿರಿವಂತರೂ ಪರದೇಶಿಗಳು ಬಂದು ನಮ್ಮ ಓಣಿ ಕೆಟ್ಟಿತು ಎಂದು ತಕರಾರು ತೆಗೆದರು.

1890ರ ಏಪ್ರಿಲ್ 18ರವರೆಗೆ, ಮೂವತ್ತೈದು ವರ್ಷಗಳಲ್ಲಿ, 80 ಲಕ್ಷಕ್ಕೂ ಹೆಚ್ಚು ಜನ ಈ ಬಾಗಿಲಿನಿಂದ ಅಮೆರಿಕಕ್ಕೆ ಕಾಲಿಟ್ಟರು. 1884ರಲ್ಲಿ ಬಂದ ನಿಕೋಲಾ ಟೆಸ್ಲಾ ಅವರಲ್ಲೊಬ್ಬ. ಎಲಿಸ್ ದ್ವೀಪದ ಹೆಸರು ಎಲ್ಲರಿಗೂ ಗೊತ್ತು. ಅದು ತೆರೆದದ್ದು 1892ರಲ್ಲಿ. ಅದಕ್ಕೂ ಮೊದಲಿನ ಒಂದು ಇಡೀ ಯುಗ ನಡೆದದ್ದು ಈಗ ಟಿಕೆಟ್ ಹರಿಯುವ ಜಾಗದಲ್ಲಿ. ಅದನ್ನು ಜನ ಮರೆತದ್ದಕ್ಕೆ ಒಂದು ಕಾರಣ ಬೆಂಕಿ. 1897ರಲ್ಲಿ ಎಲಿಸ್ ದ್ವೀಪದ ಮರದ ಕಟ್ಟಡಗಳು ಸುಟ್ಟುಹೋದಾಗ ಅಲ್ಲಿಗೆ ಸಾಗಿಸಿದ್ದ ಕ್ಯಾಸಲ್ ಗಾರ್ಡನ್ನಿನ ದಾಖಲೆ ಪುಸ್ತಕಗಳೂ ಬೂದಿಯಾದವು. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಮಧ್ಯೆ ಕೋಟೆಗೂ ದಡಕ್ಕೂ ನಡುವಿನ ನೀರನ್ನು ಮಣ್ಣು ಸುರಿದು ಮುಚ್ಚುತ್ತಲೇ ಬಂದಿದ್ದರು. 1870ರ ಸುಮಾರಿಗೆ ಸೇತುವೆ ಬೇಕಿಲ್ಲದಾಯಿತು. ನೀರಿನಲ್ಲಿದ್ದ ಕೋಟೆ ಕದಲದೆಯೇ ನೆಲಕ್ಕೆ ಬಂತು.

ಮೋಸೆಸ್ಸನ ಹಟ

1896ರ ಡಿಸೆಂಬರಿನಲ್ಲಿ ಅದೇ ಕಟ್ಟಡದಲ್ಲಿ ನ್ಯೂಯಾರ್ಕ್ ಅಕ್ವೇರಿಯಂ ತೆರೆಯಿತು. ಪ್ರವೇಶ ಪುಕ್ಕಟೆ. ಕೂಲಿಕಾರರ ಮಕ್ಕಳಿಂದ ಹಿಡಿದು ಎಲ್ಲರೂ ಬರುತ್ತಿದ್ದ ಜಾಗ. ನಲವತ್ತೈದು ವರ್ಷ ನಡೆದ ಅದು ನಗರದ ಅತಿ ಜನಪ್ರಿಯ ತಾಣಗಳಲ್ಲಿ ಒಂದಾಗಿತ್ತು.

ಅದಕ್ಕೆ ಬೀಗ ಬಿದ್ದ ಕಥೆ ಒಬ್ಬ ಮನುಷ್ಯನದು. ರಾಬರ್ಟ್ ಮೋಸೆಸ್ ಒಂದೇ ಒಂದು ಚುನಾವಣೆ ಗೆದ್ದವನಲ್ಲ. ಆದರೂ ಪಾರ್ಕುಗಳ ಆಯುಕ್ತನಾಗಿ, ಸೇತುವೆ ಪ್ರಾಧಿಕಾರದ ಅಧ್ಯಕ್ಷನಾಗಿ ನ್ಯೂಯಾರ್ಕಿನ ನಕ್ಷೆಯನ್ನು ತನಗೆ ಬೇಕಾದ ಹಾಗೆ ಬರೆದ. 1939ರಲ್ಲಿ ಬ್ರೂಕ್ಲಿನ್ನಿನಿಂದ ಬ್ಯಾಟರಿಗೆ ಬೃಹತ್ ತೂಗುಸೇತುವೆ ಕಟ್ಟುವೆನೆಂದ. ಅದರ ಇಳಿಜಾರು ರಸ್ತೆ ಪಾರ್ಕಿನ ಮೇಲೇ ಹಾದುಹೋಗಬೇಕಿತ್ತು. ಪಾರ್ಕು ಕಾಯಬೇಕಾದ ಆಯುಕ್ತನೂ ಅವನೇ, ಪಾರ್ಕಿನ ಮೇಲೆ ಸೇತುವೆ ಹಾಯಿಸಬೇಕೆನ್ನುವವನೂ ಅವನೇ. ನಗರದ ಹಿರಿಯರು ತಿರುಗಿ ಬಿದ್ದರು. ಅಧ್ಯಕ್ಷರ ಮಡದಿ ಎಲಿನಾರ್ ರೂಸ್ವೆಲ್ಟ್ ತಮ್ಮ ಅಂಕಣದಲ್ಲಿ ಇದರ ವಿರುದ್ಧ ಬರೆದರು. ಕೊನೆಗೆ ಸೇತುವೆಯನ್ನು ತಡೆದದ್ದು ಯುದ್ಧ ಇಲಾಖೆ: ಶತ್ರು ಬಾಂಬು ಹಾಕಿ ಬೀಳಿಸಿದರೆ ಬ್ರೂಕ್ಲಿನ್ನಿನ ನೌಕಾಂಗಣದ ದಾರಿ ಮುಚ್ಚಿಹೋದೀತು ಎಂಬುದು ಅದರ ನೆಪ. ನೆಪ ಎನ್ನುವುದು ಏಕೆಂದರೆ, ನೌಕಾಂಗಣಕ್ಕೂ ಸಮುದ್ರಕ್ಕೂ ನಡುವೆ ಆಗಲೇ ಎರಡು ದೊಡ್ಡ ಸೇತುವೆಗಳಿದ್ದವು.

ಸೇತುವೆಯ ಬದಲು ಸುರಂಗ ಮಾಡುವುದೆಂದಾಯಿತು. ಮೋಸೆಸ್ ಮರೆಯುವ ಪೈಕಿ ಅಲ್ಲ. ಸುರಂಗ ಕೊರೆದರೆ ಕೋಟೆಯ ಬುನಾದಿ ಅಲ್ಲಾಡುತ್ತದೆ ಎಂದು ಹೇಳಿ 1941ರಲ್ಲಿ ಅಕ್ವೇರಿಯಂ ಮುಚ್ಚಿಸಿದ. ಮೀನುಗಳು ಬೇರೆಡೆಗೆ ಎತ್ತಂಗಡಿಯಾದವು. ನಗರಕ್ಕೆ ಹೊಸ ಅಕ್ವೇರಿಯಂ ಸಿಕ್ಕಿದ್ದು 1957ರಲ್ಲಿ, ದೂರದ ಕೋನಿ ಐಲೆಂಡಿನಲ್ಲಿ. ಕೋಟೆಗೆ ಚರಿತ್ರೆಯ ಬೆಲೆಯೇನೂ ಇಲ್ಲ, ಕೆಡವಿಬಿಡೋಣ ಎಂದು ಮೋಸೆಸ್ ಹಟ ಹಿಡಿದ. ಸೇತುವೆ ತಪ್ಪಿಸಿದವರ ಮೇಲಿನ ಸೇಡು ಎಂದೇ ಬಹಳ ಜನ ಇದನ್ನು ಓದಿದ್ದಾರೆ. ಸೇಡೋ ಅಲ್ಲವೋ, ಬುನಾದಿಯ ಮಾತು ಮಾತ್ರ ಹುರುಳಿಲ್ಲದ್ದೆಂದು ಕಾಲವೇ ತೋರಿಸಿತು. ಸುರಂಗ 1950ರಲ್ಲಿ ತೆರೆಯಿತು. ಕೋಟೆಯ ಗೋಡೆ ಇದ್ದಲ್ಲೇ ಇತ್ತು.

ಕೆಡವುವವರಿಗೂ ಉಳಿಸುವವರಿಗೂ ನಡುವೆ ಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ ಐದು ವರ್ಷ ಹಗ್ಗಜಗ್ಗಾಟ ನಡೆಯಿತು. ಅಷ್ಟರಲ್ಲಿ ಅಕ್ವೇರಿಯಮ್ಮಿನ ಮೇಲಂತಸ್ತುಗಳು, ಚಾವಣಿ ಎಲ್ಲ ಹೋಗಿದ್ದವು. ಉಳಿದದ್ದು 1811ರ ದುಂಡು ಗೋಡೆ, ಸುತ್ತ ಬೇಲಿ. 1946ರ ಆಗಸ್ಟ್ 12ರಂದು ಅದನ್ನು ರಾಷ್ಟ್ರೀಯ ಸ್ಮಾರಕ ಮಾಡುವ ಕಾನೂನು ಬಂತು. 1950ರಲ್ಲಿ ನಗರ ಅದನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. ಆಮೇಲೆ ದುರಸ್ತಿಯ ಕೆಲಸ ಆಮೆಯ ನಡಿಗೆಯಲ್ಲಿ ಸಾಗಿ ಜನರಿಗೆ ತೆರೆದದ್ದು 1975ರಲ್ಲಿ.

ಜನ ಮರೆತದ್ದಕ್ಕೆ ಎರಡನೇ ಕಾರಣ ಈ ದುರಸ್ತಿ. ಕಟ್ಟಡವನ್ನು ಅದರ ಮೊದಲ ರೂಪಕ್ಕೆ, ಅಂದರೆ ತೋಪಿನ ಕೋಟೆಯ ರೂಪಕ್ಕೆ ತಂದು ನಿಲ್ಲಿಸಿದರು. ಈಗ ಒಳಗೆ ಹೋದವರಿಗೆ ಕಾಣುವುದು ತೋಪಿನ ಕಂಡಿಗಳು, ದಪ್ಪ ಗೋಡೆ. ಲೆಕ್ಕ ಹಾಕಿ ನೋಡಿ: ಕೋಟೆ ಕಟ್ಟಿ ಮುಗಿದ ಮೇಲೆ ಸೈನ್ಯ ಇಲ್ಲಿದ್ದದ್ದು ಹತ್ತು ವರ್ಷ. ಹಾಡು ಕೇಳಲು, ಹೊಸ ದೇಶಕ್ಕೆ ಕಾಲಿಡಲು, ಮೀನು ನೋಡಲು ಜನ ಬಂದದ್ದು ಸುಮಾರು 110 ವರ್ಷ. ಕಲ್ಲಿನಲ್ಲಿ ಉಳಿದದ್ದು ಆ ಹತ್ತು ವರ್ಷ. ನೂರಾಹತ್ತು ವರ್ಷ ಮಾಹಿತಿ ಫಲಕಗಳಿಗೆ ಸೀಮಿತ. ಮೇಲಂತಸ್ತು ಅಷ್ಟರಲ್ಲಾಗಲೇ ಹೋಗಿತ್ತು, ಬೇರೆ ದಾರಿ ಇರಲಿಲ್ಲ ಎಂದು ಸಮರ್ಥಿಸಬಹುದು. ನಿಜ. ಆದರೂ ‘ಮೂಲ ರೂಪ’ ಎಂಬ ಮಾತು ಎಷ್ಟನ್ನು ಗುಡಿಸಿ ಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1986ರಲ್ಲಿ ನೂರು ವರ್ಷ ತುಂಬಿದ ಲಿಬರ್ಟಿ ಪ್ರತಿಮೆಗೆ ಪ್ರವಾಸಿಗರ ನೂಕುನುಗ್ಗಲು. ಅವರಿಗೆ ಟಿಕೆಟ್ ಕೊಡುವುದು ಕೋಟೆಯ ಹೊಟ್ಟೆಪಾಡಾಯಿತು. ತಮಾಷೆಯೆಂದರೆ ಪ್ರತಿಮೆ ನಿಂತಿರುವುದೂ ಕೋಟೆಯ ಮೇಲೇ. ಪೀಠದ ಕೆಳಗೆ ಹನ್ನೊಂದು ಮೂಲೆಯ ನಕ್ಷತ್ರದ ಹಾಗೆ ಕಾಣುವುದು ಆಗ ಹೇಳಿದ ಫೋರ್ಟ್ ವುಡ್.

2012ರ ರಾತ್ರಿ

ಬ್ಯಾಟರಿಯ ನೀರಂಚಿನಲ್ಲಿ ಸಮುದ್ರದ ಮಟ್ಟ ಅಳೆಯುವ ಉಪಕರಣವಿದೆ. ಇಲ್ಲಿನ ದಾಖಲೆ 1856ರಿಂದ ಶುರು. ಅಮೆರಿಕದಲ್ಲಿ ಇಷ್ಟು ಹಳೆಯ ದಾಖಲೆ ಇರುವ ಜಾಗಗಳು ತೀರ ಕಡಿಮೆ. ಅದರ ಪ್ರಕಾರ ಇಲ್ಲಿ ಸಮುದ್ರ ಏರುತ್ತಿರುವುದು ವರ್ಷಕ್ಕೆ ಸುಮಾರು 3 ಮಿಲಿಮೀಟರ್, ನೂರು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಅಡಿ. ಬಿಸಿಯಾದ ಸಮುದ್ರ ಹಿಗ್ಗುತ್ತಿದೆ, ಹಿಮ ಕರಗುತ್ತಿದೆ. ಜೊತೆಗೆ ಹಿಮಯುಗ ಮುಗಿದಂದಿನಿಂದ ಈ ಕರಾವಳಿಯ ನೆಲವೇ ನಿಧಾನವಾಗಿ ಕುಸಿಯುತ್ತಿದೆ.

ಒಂದು ಅಡಿ ಎಂದರೆ ಏನು ಮಹಾ ಅನ್ನಿಸಬಹುದು. ಅದರ ಮೇಲೆ ಬಿರುಗಾಳಿ ಕೂತಾಗ ಗೊತ್ತಾಗುತ್ತದೆ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ಹುಣ್ಣಿಮೆಯ ಭರತವೂ ಅದೇ ಹೊತ್ತಿಗಿತ್ತು. ಬ್ಯಾಟರಿಯಲ್ಲಿ ನೀರು ಇಳಿತದ ಸರಾಸರಿ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲಕ್ಕೆ ಬಂತು. ಹಿಂದಿನ ದಾಖಲೆ 1960ರ ಡೋನಾ ಚಂಡಮಾರುತದ್ದು, ಸುಮಾರು 10 ಅಡಿ. ಪಾರ್ಕು, ಕೋಟೆ ಎರಡೂ ಮುಳುಗಿದವು. 2009ರಲ್ಲಷ್ಟೇ ತೆರೆದಿದ್ದ ಸೌತ್ ಫೆರ್ರಿಯ ಹೊಸ ಸಬ್‌ವೇ ನಿಲ್ದಾಣ ಸೂರಿನ ತನಕ ಉಪ್ಪುನೀರು ತುಂಬಿಕೊಂಡು ಹಾಳಾಯಿತು. ಮತ್ತೆ ತೆರೆದದ್ದು 2017ರಲ್ಲಿ. ಅಲ್ಲಿಯವರೆಗೆ ಕೈಬಿಟ್ಟಿದ್ದ ಹಳೇ ನಿಲ್ದಾಣವನ್ನೇ ಧೂಳು ಕೊಡವಿ ಬಳಸಿದರು. ಲಿಬರ್ಟಿ ಪ್ರತಿಮೆ 2013ರ ಜುಲೈ 4ರವರೆಗೆ ಮುಚ್ಚಿತ್ತು. ಪ್ರತಿಮೆಗೆ ಏನೂ ಆಗಿರಲಿಲ್ಲ. ಹಾಳಾದದ್ದು ಹಡಗುಕಟ್ಟೆ, ವಿದ್ಯುತ್ತು, ಕಾಲುದಾರಿ.

ಅದೇ ಪಾರ್ಕಿನಲ್ಲಿ ಜೆಲ್ಡಾ ಎಂಬ ಕಾಡು ಟರ್ಕಿ ಕೋಳಿ 2003ರಿಂದ ಒಂಟಿಯಾಗಿ ಬಿಡಾರ ಹೂಡಿತ್ತು. ಸ್ಯಾಂಡಿಯಲ್ಲಿ ಕೊಚ್ಚಿಹೋಯಿತು ಎಂದುಕೊಂಡಿದ್ದ ಜನರಿಗೆ ಮತ್ತೆ ಕಾಣಿಸಿಕೊಂಡು ಸುದ್ದಿಯಾಯಿತು. ಎರಡು ವರ್ಷದ ಮೇಲೆ ಅದನ್ನು ಕೊಂದದ್ದು ನೀರಲ್ಲ, ಕಾರು.

ಎರಡು ಬಗೆಯ ನೀರು, ಎರಡು ಬಗೆಯ ತಡೆ

ಈಗಿನ ಯೋಜನೆಗಳನ್ನು ಅರ್ಥ ಮಾಡಿಕೊಳ್ಳಲು ಒಂದು ವ್ಯತ್ಯಾಸ ತಿಳಿದಿರಬೇಕು. ನಿಧಾನವಾಗಿ ಏರುವ ಸಮುದ್ರ ಬೇರೆ, ಚಂಡಮಾರುತ ನೂಕಿ ತರುವ ನೀರು ಬೇರೆ. ಮೊದಲನೆಯದು ಮಳೆಯೂ ಗಾಳಿಯೂ ಇಲ್ಲದ ದಿನ ಭರತದ ಹೊತ್ತಿನಲ್ಲಿ ಕಾಲುದಾರಿಯ ಮೇಲೆ ಹರಿಯುತ್ತದೆ, ದಿನಬೆಳಗಾದರೆ ಕಾಡುವಂಥದ್ದು. ಎರಡನೆಯದು ಅಪರೂಪಕ್ಕೆ ಬಂದು ಕೆಲವು ಗಂಟೆಗಳಲ್ಲಿ ಎಲ್ಲವನ್ನೂ ಮುಳುಗಿಸುವಂಥದ್ದು. ಬ್ಯಾಟರಿಯ ಕಾಲುದಾರಿಯನ್ನು 5 ಅಡಿ ಎತ್ತರಿಸುವುದು ಮೊದಲನೆಯದಕ್ಕೆ ಮದ್ದು. 2100ರ ಹೊತ್ತಿಗೆ ಸಮುದ್ರ ಎಷ್ಟು ಏರಬಹುದೆಂಬ ಅಂದಾಜಿನ ಮೇಲೆ ಆ ಲೆಕ್ಕ ಹಾಕಿದ್ದಾರೆ. ಸ್ಯಾಂಡಿಯಂಥದ್ದು ಮತ್ತೆ ಬಂದರೆ ನೀರು ಅದನ್ನು ಹಾರಿ ಬರುತ್ತದೆ. ಹಾರಿ ಬರಲಿ ಎಂದೇ ಬಿಟ್ಟಿದ್ದಾರೆ.

ಎರಡನೆಯದಕ್ಕೆ ಮದ್ದು ಪಶ್ಚಿಮದ ನೆರೆಯ ಬ್ಯಾಟರಿ ಪಾರ್ಕ್ ಸಿಟಿ ಎಂಬ ಬಡಾವಣೆಯ ಪ್ರತ್ಯೇಕ ಯೋಜನೆಯಲ್ಲಿದೆ. ಯಹೂದಿ ಪರಂಪರೆಯ ವಸ್ತುಸಂಗ್ರಹಾಲಯದ ಬಳಿಯಿಂದ ಹೊರಟು, ವ್ಯಾಗ್ನರ್ ಪಾರ್ಕಿನ ಅಡಿಯಲ್ಲಿ ಹಾದು, ‘ಪಿಯರ್ ಎ’ ಎಂಬ ಹಳೇ ಹಡಗುಕಟ್ಟೆಯ ಮುಂದಿನ ಚೌಕವನ್ನು ದಾಟಿ, ನಮ್ಮ ಬ್ಯಾಟರಿಯ ಉತ್ತರದ ಅಂಚು ಹಿಡಿದು ಸಾಗುವ ತಡೆ ಅದು. ಕೆಲವೆಡೆ ಮಣ್ಣಿನಡಿ ಹುದುಗಿದ ಗೋಡೆ, ಕೆಲವೆಡೆ ಬೇಕಾದಾಗ ಎಬ್ಬಿಸುವ ಬಾಗಿಲು. ವ್ಯಾಗ್ನರ್ ಪಾರ್ಕನ್ನು ಪೂರ್ತಿ ಅಗೆದು ಸುಮಾರು 10 ಅಡಿ ಎತ್ತರಿಸಿ ಕಟ್ಟಿದರು. 1990ರ ದಶಕದ ಆ ಪಾರ್ಕನ್ನು ಪ್ರೀತಿಸುತ್ತಿದ್ದ ನಿವಾಸಿಗಳು ಕೋರ್ಟಿಗೆ ಹೋದರು, ಸೋತರು. 2023ರಲ್ಲಿ ಮುಚ್ಚಿದ್ದು 2025ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ದ್ವೀಪದ ಪೂರ್ವದಲ್ಲಿ ಈಸ್ಟ್ ರಿವರ್ ಪಾರ್ಕಿನ ಕಥೆ ಇನ್ನೂ ಕಹಿ. ನೆಲ ಎತ್ತರಿಸಲು ಅಲ್ಲಿ ಸುಮಾರು ಸಾವಿರ ಮರ ಕಡಿಯುವ ಯೋಜನೆ. ಮರ ಅಪ್ಪಿಕೊಂಡು ಪ್ರತಿಭಟಿಸಿದವರಿದ್ದರು.

ಹಾಗಾದರೆ ಬ್ಯಾಟರಿಯನ್ನೂ ಹಾಗೇ ಪೂರ್ತಿ ಎತ್ತರಿಸಬಾರದಿತ್ತೇ? ಅಡ್ಡ ಬರುವುದು ಕೋಟೆಯೇ. ಮಣ್ಣು ಸುರಿದು ಪಾರ್ಕು ಎತ್ತರಿಸಬಹುದು, ಇನ್ನೂರು ವರ್ಷದ ಕಲ್ಲಿನ ಗೋಡೆಯನ್ನು ಮೇಲೆತ್ತಲಾಗದು. ಸುತ್ತ ಹತ್ತು ಅಡಿ ಮಣ್ಣು ಬಿದ್ದರೆ ಕೋಟೆ ಹೊಂಡದಲ್ಲಿ ಕೂತಂತೆ. ಮಳೆ ಬಂದರೆ ಸುತ್ತಲ ನೀರೆಲ್ಲ ಒಳಕ್ಕೆ. ತೋಪಿನ ಕಂಡಿಯಿಂದ ಕಾಣುವುದು ಬಂದರಿನ ಬದಲು ಮಣ್ಣಿನ ದಿಬ್ಬ. ಕೋಟೆಯ ಸುತ್ತಲೇ ಗೋಡೆ ಕಟ್ಟಿದರೆ? ನೆಲವೇ ತುಂಬಿಸಿದ ಮಣ್ಣು, ನೀರು ಅಡಿಯಿಂದಲೂ ಬರುತ್ತದೆ. ಪಂಪು ಬೇಕು, ಆಳದ ತಡೆ ಬೇಕು, ಮತ್ತೆ ಅದೇ ಹಳೇ ಕಲ್ಲಿನ ಪಕ್ಕ ಅಗೆಯಬೇಕು.

ಹಕ್ಕಿನ ತೊಡಕು ಬೇರೆ. ಪಾರ್ಕು ನಗರದ್ದು. ಅದರ ನಡುವಿನ ಸುಮಾರು ಒಂದು ಎಕರೆ, ಅಂದರೆ ಕೋಟೆ, ಕೇಂದ್ರದ ರಾಷ್ಟ್ರೀಯ ಉದ್ಯಾನ ಸೇವೆಯದ್ದು. ಪಕ್ಕದ ಬ್ಯಾಟರಿ ಪಾರ್ಕ್ ಸಿಟಿ ರಾಜ್ಯದ ಪ್ರಾಧಿಕಾರದ್ದು. ಒಂದೇ ನೀರಿಗೆ ಮೂರು ಯಜಮಾನರು. ಮೂವರ ಬಜೆಟ್ಟೂ ಬೇರೆ, ವೇಳಾಪಟ್ಟಿಯೂ ಬೇರೆ.

ಹೀಗಾಗಿ ಪಾರ್ಕನ್ನು ಮುಳುಗಿ ಏಳುವ ಜಾಗವಾಗಿ ಬಿಟ್ಟು ತಡೆಯನ್ನು ಹಿಂದಕ್ಕೆ ಸರಿಸಿದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ. ಮರ, ಹುಲ್ಲು, ಬೆಂಚು ಒಂದು ರಾತ್ರಿಯ ಉಪ್ಪುನೀರನ್ನು ಹೇಗೋ ತಡೆದುಕೊಳ್ಳುತ್ತವೆ. ಸಬ್‌ವೇ, ಆಸ್ಪತ್ರೆ, ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವುದಿಲ್ಲ. ಗವರ್ನರ್ಸ್ ದ್ವೀಪದಲ್ಲೂ ಇದೇ ಬಗೆಯ ಯೋಚನೆ ಕೆಲಸ ಮಾಡಿದೆ: ಸೈನ್ಯದ ಆ ನೆಲೆ ಈಗ ಪಾರ್ಕು, ಕ್ಯಾಸಲ್ ವಿಲಿಯಮ್ಸ್ ನೋಡಲು ಜನ ಹೋಗುತ್ತಾರೆ, ಹೊಸದಾಗಿ ಎಬ್ಬಿಸಿದ ಗುಡ್ಡಗಳು ಅಲ್ಲಿನ ನೆಲವನ್ನು ನೀರಿನ ಮಟ್ಟದಿಂದ ಮೇಲೆತ್ತಿವೆ.

ನನ್ನ ತಕರಾರು ಇರುವುದು ಆಮೇಲಿನದಕ್ಕೆ. ಗೋಡೆಯ ಹೊರಗೆ ಬಿಟ್ಟ ಕೋಟೆ ಮುಳುಗಿ ಏಳುವುದು ಹುಲ್ಲುಹಾಸು ಮುಳುಗಿ ಏಳುವ ಹಾಗಲ್ಲ. ಮರಳುಗಲ್ಲು ಉಪ್ಪುನೀರು ಹೀರುತ್ತದೆ. ನೀರು ಆರಿದ ಮೇಲೆ ಒಳಗಿನ ಉಪ್ಪು ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನು ಒಳಗಿನಿಂದಲೇ ಉದುರಿಸುತ್ತದೆ. ಅದು ಒಂದು ರಾತ್ರಿಯ ಕೆಲಸವಲ್ಲ, ವರ್ಷಗಟ್ಟಲೆ ನಡೆಯುವಂಥದ್ದು. ಪ್ರತಿ ಮುಳುಗಡೆಯ ನಂತರ ತೊಳೆಯಬೇಕು, ನೋಡಬೇಕು, ಗಾರೆ ಬದಲಿಸಬೇಕು. ವಿದ್ಯುತ್ತು, ಕೌಂಟರು, ಪುಸ್ತಕದಂಗಡಿ ಎತ್ತರಕ್ಕೆ ಹೋಗಬೇಕು. ಇದು ರಿಬ್ಬನ್ ಕತ್ತರಿಸುವ ಕಾಮಗಾರಿ ಅಲ್ಲ, ವರ್ಷವರ್ಷದ ನಿರ್ವಹಣೆ; ಸರ್ಕಾರ ಯಾವ ದೇಶದ್ದಾದರೂ ಹಣ ಕತ್ತರಿಸುವುದು ಮೊದಲು ಅಲ್ಲಿಂದಲೇ.

ಅದರ ಜೊತೆಗೆ ಕೆಲಸದ ಪ್ರಶ್ನೆ. ಈಗ ಟಿಕೆಟ್ಟನ್ನು ಫೋನಿನಲ್ಲೇ ತೆಗೆದುಕೊಂಡು ಬರಬಹುದು. ಕೌಂಟರಿಗೆ ಹೋಗಲೇಬೇಕಾದ ಅಗತ್ಯ ಕರಗುತ್ತಿದೆ. ಕೋಟೆಯ ಐದನೆಯ ನೌಕರಿಯೂ ಹೀಗೆ ಕೈತಪ್ಪಿದರೆ ಆರನೆಯದು ಯಾವುದು? ಬೇಸಿಗೆಯಲ್ಲಿ ಒಳಗೆ ಪುಕ್ಕಟೆ ಕಛೇರಿಗಳು ನಡೆದದ್ದುಂಟು. ಜೆನ್ನಿ ಲಿಂಡ್ ಹಾಡಿದ ಜಾಗಕ್ಕೆ ಅದು ಒಪ್ಪುತ್ತದೆ. ಪಾರ್ಕಿನ ಇನ್ನೊಂದು ಮೂಲೆಯಲ್ಲಿ 2015ರಲ್ಲಿ ತೆರೆದ ಸೀಗ್ಲಾಸ್ ಎಂಬ ತಿರುಗುಮಣೆಯಲ್ಲಿ ಮಕ್ಕಳು ಹೊಳೆಯುವ ಮೀನುಗಳ ಮೇಲೆ ಕೂತು ಸುತ್ತುತ್ತಾರೆ, ಅಕ್ವೇರಿಯಮ್ಮಿನ ನೆನಪಿಗೆ. ವಲಸೆಯ ಕಥೆಗೆ ಮಾತ್ರ ಕೋಟೆಯೊಳಗೆ ಫಲಕಗಳಿಗಿಂತ ದೊಡ್ಡ ಜಾಗ ಸಿಕ್ಕಿಲ್ಲ. ಅದೂ ವಲಸೆಯ ಹೆಸರಿನಲ್ಲಿ ದಿನಾ ಜಗಳ ನಡೆಯುವ ದೇಶದಲ್ಲಿ.

ಇನ್ನು ಪೂರ್ವದ ಕಡೆ, ಬ್ಯಾಟರಿಯಿಂದ ಬ್ರೂಕ್ಲಿನ್ ಸೇತುವೆಯವರೆಗಿನ ಹಣಕಾಸು ಬಡಾವಣೆ ಮತ್ತು ಸೀಪೋರ್ಟಿನ ತೀರ. ಅಲ್ಲಿ ರಸ್ತೆ, ಮೇಲ್ಸೇತುವೆ, ಸಬ್‌ವೇ ಎಲ್ಲ ನೀರಂಚಿಗೇ ಅಂಟಿಕೊಂಡಿವೆ. ಗೋಡೆ ಕಟ್ಟಲು ನೆಲವೇ ಇಲ್ಲ. ನಗರ 2021ರಲ್ಲಿ ಹೊರತಂದ ಯೋಜನೆ ದಡವನ್ನು ನದಿಯೊಳಕ್ಕೆ 200 ಅಡಿಯವರೆಗೆ ಮುಂದಕ್ಕೆ ತಳ್ಳಬೇಕೆನ್ನುತ್ತದೆ. ವೆಚ್ಚದ ಅಂದಾಜು 500ರಿಂದ 700 ಕೋಟಿ ಡಾಲರ್. ಅಷ್ಟು ಹಣ ಎಲ್ಲಿಂದ ಬರಬೇಕೆಂಬುದು ಆ ಯೋಜನೆ ಹೊರಬಂದಾಗ ತೀರ್ಮಾನವಾಗಿರಲಿಲ್ಲ. ನೆರೆ ತಡೆಯುವ ಗೋಡೆಗೆ ಅರ್ಧ ಕಟ್ಟಿದರೆ ಅರ್ಧ ರಕ್ಷಣೆ ಎಂಬ ಲೆಕ್ಕವಿಲ್ಲ. ಪಶ್ಚಿಮದಿಂದ ಬಂದ ತಡೆ ಬ್ಯಾಟರಿಯ ಬೆನ್ನಿಗೆ ಬಂದು ನಿಂತಿರುತ್ತದೆ. ಪೂರ್ವದ ತುಂಡು ಅದಕ್ಕೆ ಕೂಡುವವರೆಗೆ ನೀರು ಆ ಬದಿಯಿಂದ ಬೀದಿಗಳಿಗೆ ಇಳಿಯುವುದನ್ನು ಯಾರೂ ತಡೆಯಲಾರರು.